‘ಬಾಯಿ ರುಚಿ ಕೆಟ್ಟಿದೆ’ ಎಂದರೆ ಏನರ್ಥ?

‘ಡಾಕ್ಟ್ರೇ, ಬಾಯಿಗೆ ರುಚಿಯೇ ಇಲ್ಲ, ಒಂದು ಟಾನಿಕ್ ಬರೆದುಕೊಡಿ’ ಎನ್ನುವವರು ಬಹಳ. ಈ ಒಂದೇ ಮಾತಿಗೆ ನಾಲ್ಕಾರು ಅರ್ಥಗಳಿವೆ. ನಿಮ್ಮದು ಯಾವುದು ಎಂದು ಬಿಡಿಸಿ ಹೇಳಿದರೆ ಕಾಯಿಲೆ ಹಿಡಿಯುವುದು ಸುಲಭ.

ಕೆಲವರಿಗೆ ರುಚಿ ತಿಳಿಯುತ್ತದೆ, ಆದರೆ ಊಟ ಸೇರುವುದಿಲ್ಲ. ಅನ್ನ ಕಂಡರೆ ವಾಕರಿಕೆ. ಇದು ನಾಲಿಗೆಯ ದೋಷವಲ್ಲ. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಮೊದಲೇ ಹೀಗಾಗುವುದುಂಟು. ಸಿಗರೇಟು ಸೇದುವವರಿಗೆ ಅದೂ ಬೇಡವೆನಿಸಬಹುದು! ಜೊತೆಗೆ ಮೂತ್ರವೂ ಗಾಢ ಹಳದಿಯಾಗಿದ್ದರೆ ಟಾನಿಕ್ ಕುಡಿಯುತ್ತ ಕೂರದೆ ರಕ್ತ ಪರೀಕ್ಷೆ ಮಾಡಿಸಿ.

ಇನ್ನು ಕೆಲವರಿಗೆ ಎಲ್ಲವೂ ‘ಸಪ್ಪೆ’. ಇವರು ಮೂಗು ಹಿಡಿದುಕೊಂಡು ನಾಲಿಗೆಗೆ ಚಿಟಿಕೆ ಸಕ್ಕರೆ, ಬಾಯಿ ಮುಕ್ಕಳಿಸಿ ಆಮೇಲೆ ಚಿಟಿಕೆ ಉಪ್ಪು ಹಾಕಿಕೊಂಡು ನೋಡಲಿ. ಎರಡೂ ಸರಿಯಾಗಿ ತಿಳಿದರೆ ಕೆಟ್ಟಿರುವುದು ಬಹುಶಃ ನಾಲಿಗೆಯಲ್ಲ, ಮೂಗು. ಸಿಹಿ, ಹುಳಿ, ಉಪ್ಪು, ಕಹಿ ನಾಲಿಗೆಗೆ ಗೊತ್ತು. ಸಾರಿನ ಇಂಗು, ಕಾಫಿಯ ಘಮ ಮೂಗಿನ ಪಾಲು. 2020ರಲ್ಲಿ ಕೋವಿಡ್ ಬಂದಾಗ ಎಷ್ಟೋ ಮನೆಗಳಲ್ಲಿ ಇದು ಅನುಭವಕ್ಕೆ ಬಂತು. ವಯಸ್ಸಾದಂತೆ ವಾಸನೆ ಹಿಡಿಯುವ ಶಕ್ತಿ ತಾನಾಗಿಯೇ ಕುಗ್ಗುತ್ತದೆ. ಆಗ ಹಿರಿಯರು ಸಾರು ಸಪ್ಪೆಯೆಂದು ಸೊಸೆಯನ್ನು ದೂರುತ್ತ ಮೇಲುಪ್ಪು ಹಾಕಿಸಿಕೊಳ್ಳುತ್ತಾರೆ. (ಪಾಪ, ಆಕೆಯ ತಪ್ಪೇನೂ ಇಲ್ಲ.) ಬಿ.ಪಿ. ಇದ್ದವರಿಗೆ ಇದು ಒಳ್ಳೆಯದಲ್ಲ. ಉಪ್ಪಿನ ಬದಲು ನಿಂಬೆರಸ, ಜೀರಿಗೆ, ಕೊತ್ತಂಬರಿ ಸೊಪ್ಪು ಹೆಚ್ಚಿಸಿ.

ಬೆಳಿಗ್ಗೆ ಏಳುವಾಗ ಬಾಯಿ ಹುಳಿಯಾಗಿದ್ದರೆ ಹೊಟ್ಟೆಯ ಆಮ್ಲ ಮೇಲೆ ಬಂದಿರಬಹುದು. ಬಾಯಿ ಕಹಿಯಾದರೆ ‘ಪಿತ್ತ’ ಎಂದು ಭೇದಿಗೆ ತೆಗೆದುಕೊಳ್ಳಬೇಡಿ. ನುಂಗುತ್ತಿರುವ ಮಾತ್ರೆಗಳನ್ನು ವೈದ್ಯರಿಗೆ ತೋರಿಸಿ. ಆಮಶಂಕೆಗೆ ಕೊಡುವ ಮೆಟ್ರೊನಿಡಜೋಲ್ ಇಂಥ ಕಹಿ ತರುತ್ತದೆ. ಹಾಗೆಂದು ಅದನ್ನು ಅರ್ಧಕ್ಕೇ ಬಿಡಬಾರದು.

ನಾನು ಹೆಚ್ಚು ಹೆದರುವ ಮಾತು ‘ಖಾರ’. ಷಡ್ರಸಗಳಲ್ಲಿ ಅದಕ್ಕೆ ಜಾಗವಿದ್ದರೂ ಶರೀರಶಾಸ್ತ್ರದ ಲೆಕ್ಕದಲ್ಲಿ ಖಾರ ರುಚಿಯಲ್ಲ, ಉರಿ. ಅದನ್ನು ಮುಟ್ಟಿಸುವುದು ಬಿಸಿ ಮತ್ತು ನೋವಿನ ನರಗಳು. ಮನೆಯವರೆಲ್ಲ ಉಣ್ಣುವ ಸಾರು ಒಬ್ಬರಿಗೆ ಮಾತ್ರ ಖಾರವೆನಿಸತೊಡಗಿದರೆ ಅವರ ಬಾಯೊಳಗೆ ನೋಡಬೇಕು. ಹುಣ್ಣಿರಬಹುದು, ಕಬ್ಬಿಣಾಂಶ ಅಥವಾ ಬಿ12 ಕೊರತೆಯಿರಬಹುದು. ಅವರು ಅಡಿಕೆ, ಗುಟ್ಕಾ ಜಗಿಯುವವರಾದರೆ ಕೆನ್ನೆಯ ಒಳಚರ್ಮ ಬಿಗಿಯುತ್ತಿರಬಹುದು. ಇದು ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಅವರದೇ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ತೂರದಿದ್ದರೆ ಜಗಿಯುವುದನ್ನು ಅಂದೇ ಬಿಡಿಸಿ, ದಂತವೈದ್ಯರ ಬಳಿಗೆ ಕರೆದೊಯ್ಯಿರಿ.