ಕುಪ್ಪೇಲೂರಿನ ಹೊಲದಡಿಯ ಕಡಲು

ಹಾವೇರಿ ಜಿಲ್ಲೆಯಲ್ಲಿ ಜ್ವಾಲಾಮುಖಿ ಇಲ್ಲ, ಭೂಕಂಪದ ಸುದ್ದಿಯೂ ಅಪರೂಪ. ಬೆಂಕಿ ಉಗುಳುವ ಬೆಟ್ಟ, ಬಿರಿಯುವ ನೆಲ ಎಲ್ಲ ಜಪಾನಿಗೋ ಇಂಡೊನೇಷ್ಯಾಕ್ಕೋ ಸೇರಿದ್ದು ಎಂದು ನಾವು ನಿಶ್ಚಿಂತರಾಗಿದ್ದೇವೆ. ಆದರೆ ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು ಇರುವ ಸೀಮೆಯಲ್ಲಿ ಎರೆಯೋ ಮಸಾರಿಯೋ ಮಣ್ಣು ಕಳೆದು, ಗರಸು ದಾಟಿ ಕೆಳಗಿಳಿದರೆ ಸಿಗುವ ಕಲ್ಲಿನ ಕಥೆ ಅಷ್ಟು ತಣ್ಣಗಿಲ್ಲ.

ಭೂವಿಜ್ಞಾನಿಗಳು ಅದನ್ನು ಗ್ರೇವ್ಯಾಕ್ ಎನ್ನುತ್ತಾರೆ. ಹಸಿರು ಬೆರೆತ ಬೂದು ಬಣ್ಣದ, ಮರಳೂ ಕೆಸರೂ ಕಲಸಿ ಗಟ್ಟಿಯಾದ ಕಲ್ಲು. ಧಾರವಾಡ ಶಿಲಾಸಮೂಹದ ಈ ಪದರಕ್ಕೆ ರಾಣೆಬೆನ್ನೂರಿನ ಹೆಸರೇ ಇದೆ. ವಯಸ್ಸು ಸುಮಾರು 260 ಕೋಟಿ ವರ್ಷ. ಆಗ ಇಲ್ಲಿದ್ದದ್ದು ಕಡಲು. ಅದೇ ಕಾಲಘಟ್ಟದ ಕಡಲ ತಳದಲ್ಲಿ ಹರಿದ ಲಾವಾ ನೀರಿಗೆ ತಾಕಿ ದಿಂಬಿನಂಥ ಉಂಡೆಗಳಾಗಿ ಹೆಪ್ಪುಗಟ್ಟಿದ್ದನ್ನು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇಂದಿಗೂ ಕಣ್ಣಾರೆ ನೋಡಬಹುದು. ಅದೀಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಆದರೆ ರಾಣೆಬೆನ್ನೂರಿನ ಕಲ್ಲಿನಲ್ಲಿರುವ ಮರಳು ಆಳಸಮುದ್ರಕ್ಕೆ ಹೋದದ್ದಾದರೂ ಹೇಗೆ? ಉತ್ತರ ಸಿಕ್ಕಿದ್ದು ತಂತಿ ಕಂಪನಿಗಳ ನಷ್ಟದಿಂದ. 1929ರ ನವೆಂಬರ್ 18ರಂದು ಕೆನಡಾದ ಪೂರ್ವ ಕರಾವಳಿಯಾಚೆ ಭೂಮಿ ನಡುಗಿತು. ಅಟ್ಲಾಂಟಿಕ್ ತಳದ ಕೆಲವು ತಂತಿಗಳು ಕೂಡಲೇ ತುಂಡಾದವು. ಉಳಿದವು ಇಳಿಜಾರಿನ ಗುಂಟ ಸರದಿ ಹಚ್ಚಿದಂತೆ ಒಂದಾದ ಮೇಲೊಂದು ಕಡಿದವು. ಕೊನೆಯದು 13 ತಾಸಿನ ಮೇಲೆ. ಕಂಪನಕ್ಕೆ ಸಡಿಲಗೊಂಡ ಕೆಸರು ನೀರಿನೊಡನೆ ಬೆರೆತು, ನೆರೆಯಂತೆ ತಗ್ಗಿಗೆ ನುಗ್ಗಿ ತಂತಿ ಹರಿಯಿತೆಂದು 1952ರಲ್ಲಿ ಭೂವಿಜ್ಞಾನಿಗಳಾದ ಹೀಜನ್ ಮತ್ತು ಯೂಯಿಂಗ್ ವಿವರಿಸಿದರು. ಮಳೆಗಾಲದ ತುಂಗಭದ್ರೆಯ ಕೆನ್ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮೊದಲು ಮರಳು, ಆಮೇಲೆ ನುಣುಪು ಕೆಸರು ಕೂರುತ್ತದಲ್ಲ, ಅಂಥ ನೆರೆಯೂ ಹಾಗೆಯೇ ತಂಗುತ್ತದೆ: ಕೆಳಗೆ ದಪ್ಪ ಕಣ, ಮೇಲೆ ಸಣ್ಣದು. ಈ ಗುರುತು ರಾಣೆಬೆನ್ನೂರಿನ ಕಲ್ಲಿನಲ್ಲೂ ಇದೆ. ಪ್ರತಿ ಪದರಕ್ಕೂ ಭೂಕಂಪವೇ ಕಾರಣವೆನ್ನುವಂತಿಲ್ಲ. ಕೆಸರು ತನ್ನ ಭಾರಕ್ಕೆ ತಾನೇ ಜಾರುವುದೂ ಉಂಟು.

ಕಡಲು ಹೋಯಿತು, ಪದರಗಳು ಮಡಿಚಿ ಓರೆಯಾದವು, ನೆಲ ಗಟ್ಟಿಯಾಯಿತು. ಹಾಗಂತ ಪೂರ್ತಿ ಸುಮ್ಮನಾಗಿಲ್ಲ. ಭಾರತವನ್ನು ಹೊತ್ತ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಹಿಮಾಲಯ ಎದ್ದದ್ದು ಆ ಒತ್ತಡದಿಂದ, ಮತ್ತು ಅದರ ಒಂದು ಪಾಲು ಫಲಕದ ನಡುವಿನ ಹಳೆಯ ಬಿರುಕುಗಳಿಗೂ ತಲುಪುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಕಂಪನವಾಗಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಅಂದಿನ ಭೂಕಂಪ ಅಪಾಯದ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ. 2002ರಲ್ಲಿ ಆ ವಲಯವನ್ನೇ ಅಳಿಸಿ ಎರಡನೆಯದರಲ್ಲಿ ಸೇರಿಸಿದರು. 2002ರ ಆ ನಕ್ಷೆಯಲ್ಲಿ ಹಾವೇರಿಗೆ ಸಿಕ್ಕಿದ್ದು ಆ ಎರಡನೆಯ ವಲಯವೇ.

ಕಿಲ್ಲಾರಿಯಲ್ಲಿ ಕೊಂದದ್ದು ಬಹುಪಾಲು ಮನೆಗಳು: ಕೆಸರಿನಲ್ಲಿ ಕೂರಿಸಿದ ದುಂಡುಗಲ್ಲಿನ ದಪ್ಪ ಗೋಡೆ, ಮೇಲೆ ವರ್ಷವರ್ಷವೂ ಹೇರಿದ ಮಣ್ಣಿನ ಮಾಳಿಗೆ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೋಡುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ. ಇಂಥ ಗೋಡೆಯ ಒಳಮೈ, ಹೊರಮೈ ಎರಡೂ ಬೇರೆ ಬೇರೆಯಾಗಿ ಉಬ್ಬಿ ಕುಸಿಯುತ್ತವೆ. ಎರಡನ್ನೂ ಹಿಡಿದಿಡುವಷ್ಟು ಉದ್ದದ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡ ಹಾಕಿ, ಬಾಗಿಲ ತಲೆಮಟ್ಟದಲ್ಲಿ ಮನೆ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟಿದರೆ ಗೋಡೆ ಬಿರುಕು ಬಿಟ್ಟರೂ ಜನ ಹೊರಗೆ ಓಡುವಷ್ಟು ಹೊತ್ತು ನಿಲ್ಲುತ್ತದೆ.