ಚನ್ನಪಟ್ಟಣದ ಬೊಂಬೆಗೆ ಕೀಟದ ಉಡುಗೆ

ಮಹಾಭಾರತದ ಅರಗಿನ ಮನೆಯ ಕಥೆಯನ್ನು ಅರಿಯದವರು ಕಡಮೆ. ಪಾಂಡವರನ್ನು ಸುಡುವುದಕ್ಕೆ ಅರಗಿನ ಮನೆಯೇ ಏಕೆ ಬೇಕಾಯಿತು? ಅರಗು ಬಿಸಿಗೆ ಬೇಗನೆ ಕರಗುತ್ತದೆ. ಕಿಚ್ಚು ತಗುಲಿದರೆ ಹೊತ್ತಿಕೊಳ್ಳುತ್ತದೆ. ಕಥೆಯಲ್ಲಿ ಕೇಡಿಗೆ ಒದಗಿದ ಈ ಕರಗುವ ಗುಣವೇ ಚನ್ನಪಟ್ಟಣದ ಕುಶಲಿಗಳ ಕೈಯಲ್ಲಿ ಮಕ್ಕಳ ಆಟಿಕೆಗೆ ಬಣ್ಣವೇರಿಸುವ ಕಲೆಯಾಗಿದೆ. ಅವರಿಗೆ ಕುಂಚ ಬೇಡ, ಎಣ್ಣೆ ಬೇಡ, ಬಣ್ಣ ಒಣಗಲೆಂದು ಕಾಯುವುದೂ ಬೇಡ.

ಅರಗು ಒಂದು ಕೀಟದ ಕೊಡುಗೆ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳಲ್ಲಿ ಈ ಕೀಟ ನೆಲಸುತ್ತದೆ. ಇದರ ಮರಿ ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಅದು ತೊಗಟೆಯನ್ನು ಚುಚ್ಚಿ ರಸವನ್ನು ಹೀರುತ್ತದೆ; ಮೈಯಿಂದ ಅಂಟನ್ನು ಒಸರಿಸಿ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಅಸಂಖ್ಯ ಗೂಡುಗಳು ಒಂದರೊಡನೊಂದು ಬೆಸೆದು ಕೊಂಬೆಯ ಮೇಲೆ ದಪ್ಪ ಪದರವಾಗುತ್ತದೆ. ಅದನ್ನು ಕೆರೆದು, ತೊಳೆದು, ಕರಗಿಸಿ ಸೋಸಿದರೆ ಅರಗು ದೊರೆಯುತ್ತದೆ. ನೆರೆಯ ರಾಮನಗರ ಒಂದು ಹುಳುವಿನ ಗೂಡಿನಿಂದ ಹೆಸರಾಯಿತು. ಚನ್ನಪಟ್ಟಣ ಇನ್ನೊಂದು ಕೀಟದ ಗೂಡಿನಿಂದ ಹೆಸರಾಯಿತು.

ಬೊಂಬೆಗೆ ಒದಗುವ ಮರ ಹಾಲೆ. ಕಡಿದರೆ ಹಾಲು ಸುರಿಸುವ ಈ ಮರದ ಒಳಗು ಬಿಳುಪು, ಎಳೆ ನವಿರು. ಮೊದಲು ಮರದ ತೇವವನ್ನು ಚೆನ್ನಾಗಿ ಆರಿಸಬೇಕು. ಹಸಿಯಾಗಿಯೇ ಕಡೆದರೆ ಮುಂದೆ ಮರ ಕುಗ್ಗಿ ಸೀಳುತ್ತದೆ. ಮೇಲಿನ ಬಣ್ಣವೂ ಬಿರಿಯುತ್ತದೆ.

ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ರೂಪ ಕೊಟ್ಟು, ಮೈಯನ್ನು ನುಣುಪುಮಾಡುತ್ತಾರೆ. ಬಳಿಕ ಬಣ್ಣ ಬೆರಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. 5 ಸೆಂಟಿಮೀಟರು ವ್ಯಾಸದ ತುಂಡು ನಿಮಿಷಕ್ಕೆ 1200 ಸುತ್ತು ತಿರುಗಿದರೆ, ಅದರ ಮೈ ಸೆಕೆಂಡಿಗೆ ಸುಮಾರು 3 ಮೀಟರು ವೇಗದಿಂದ ಕಡ್ಡಿಯನ್ನು ಉಜ್ಜುತ್ತದೆ. ಆ ಘರ್ಷಣೆಯಿಂದ ಹುಟ್ಟಿದ ಶಾಖಕ್ಕೆ ಅರಗು ಮೆತ್ತಗಾಗಿ ಮರಕ್ಕೆ ಅಂಟುತ್ತದೆ. ಒಡನೆಯೇ ಕೇದಗೆಯ ಒಣಗರಿಯನ್ನು ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳೆಯುತ್ತದೆ. ಒತ್ತಡ ಸಾಲದಿದ್ದರೆ ಅರಗು ಹಿಡಿಯದು. ಹೆಚ್ಚಾದರೆ ಬಣ್ಣ ಕದಡೀತು. ಈ ಹದವನ್ನು ಅಳೆಯುವ ಉಷ್ಣಮಾಪಕ ಕುಶಲಿಯ ಕೈಯೇ.

ಇನ್ನೊಂದು ವಿಶೇಷವನ್ನು ಗಮನಿಸಿರಿ. ಚನ್ನಪಟ್ಟಣದ ಆನೆಯೂ ಗುಂಡು, ಸಿಪಾಯಿಯೂ ಗುಂಡು, ರೈಲಿನ ಗಾಡಿಯೂ ಗುಂಡು. ಇದು ಬರಿಯ ಚೆಲುವಿಗಾಗಿ ಬಂದುದಲ್ಲ. ಅರಗು ಕರಗಬೇಕಾದರೆ ಮರ ತಿರುಗಬೇಕು. ತಿರುಗುವ ಮರದಿಂದ ಕಡೆದುದು ದುಂಡಗಾಗಲೇಬೇಕು. ಬಣ್ಣ ಹಚ್ಚುವ ವಿಧಾನವೇ ಇಲ್ಲಿ ಬೊಂಬೆಯ ಆಕಾರವನ್ನು ಗೊತ್ತುಮಾಡಿದೆ. ಹಲವು ಗುಂಡು ತುಂಡುಗಳನ್ನು ಜೋಡಿಸಿ ಒಂದು ಪ್ರಾಣಿಯನ್ನು ಕಾಣಿಸುವುದರಲ್ಲಿ ಕಲೆಗಾರನ ಕಲ್ಪನೆಯಿದೆ.

ಎಳೆಯ ಮಗು ಕೈಗೆ ಸಿಕ್ಕಿದುದನ್ನು ಬಾಯಿಗಿಡುವುದು ಸಹಜ. ಸೀಸವಿರುವ ಬಣ್ಣ ಹೊಟ್ಟೆಗೆ ಸೇರಿದರೆ ಮಿದುಳಿನ ಬೆಳವಣಿಗೆಗೆ ಕೇಡು. ಶುದ್ಧಮಾಡಿದ ಅರಗನ್ನಾದರೋ ಮಾತ್ರೆಗಳಿಗೂ ಮಿಠಾಯಿಗಳಿಗೂ ಹೊಳಪು ಕೊಡಲು ಬಳಸುತ್ತಾರೆ. ಆದರೆ ಅರಗು ನಿರಪಾಯವಾದರೆ ಸಾಲದು. ಅದರಲ್ಲಿ ಬೆರಸುವ ಬಣ್ಣವೂ ಹಾಗೆಯೇ ಇರಬೇಕು. ಅರಿಶಿನ, ನೀಲಿಗಿಡ ಮೊದಲಾದವುಗಳ ಸಸ್ಯವರ್ಣಗಳಿಗೆ ಬೆಲೆ ಬಂದಿರುವುದು ಇದರಿಂದಲೇ.

ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದು ಹೆಸರನ್ನು ಕಾಯಬಲ್ಲದು. ಕೈಯ ಹದವನ್ನು ಕಾಯಲಾರದು. ಅಗ್ಗದ ಪ್ಲಾಸ್ಟಿಕ್ ಆಟಿಕೆ ಮರದ ಬೊಂಬೆಯನ್ನು ಅಂಗಡಿಯಿಂದ ಹೊರದೂಡಿದರೆ, ಕುಶಲಿಯ ಮಗ ಉಳಿಯನ್ನು ಹಿಡಿಯಲಾರ. ಹಾಲೆಯ ಸಸಿಯನ್ನು ನೆಟ್ಟು ಬೆಳೆಸಬಹುದು. ಎಷ್ಟು ಒತ್ತಿದರೆ ಅರಗು ಕರಗೀತೆಂಬ ತಿಳಿವಾದರೋ ಕೈಯಿಂದ ಕೈಗೇ ದಾಟಬೇಕು.