ಗರಡಿಯ ಮಣ್ಣು, ಬುಡಕಟ್ಟಿನ ಮಕ್ಕಳು

ಗಂಡುಮೆಟ್ಟಿದ ನಾಡೆಂದು ಹೆಸರಾದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಜಾತ್ರೆಯೆಂದರೆ ತೇರಿನಷ್ಟೇ ಕುಸ್ತಿಯ ಕಣವೂ ಮುಖ್ಯ. ಸಂಗ್ರಾಣಿಕಲ್ಲನ್ನು ಎತ್ತುವವನ ಸುತ್ತ ಊರಿಗೆ ಊರೇ ನೆರೆಯುತ್ತದೆ. ಗರಡಿಮನೆಗೆ ಕಾಲಿಟ್ಟ ಹುಡುಗನು ಮೊದಲು ಮಣ್ಣನ್ನು ಹಣೆಗೊತ್ತಿಕೊಳ್ಳುತ್ತಾನೆ, ಬಳಿಕ ವಸ್ತಾದರ ಪಾದಕ್ಕೆರಗುತ್ತಾನೆ. ಕಣದೊಳಗೆ ಎದುರಾಳಿಯು ಅಳೆಯುವುದು ತೋಳಿನ ಬಲವನ್ನೇ ಹೊರತು ಕುಲವನ್ನಲ್ಲ. ಆದರೆ ಕಣದಿಂದ ಹೊರಬಂದ ಮೇಲೆ?

ಈ ಪ್ರಶ್ನೆಯನ್ನು ಕೇಳುವಾಗ ಮುಧೋಳ ತಾಲೂಕಿನ ಹಲಗಲಿಯು ನೆನಪಾಗದೆ ಇರದು. 1857ರಲ್ಲಿ ಆಂಗ್ಲ ಸರಕಾರವು ನಿಶ್ಶಸ್ತ್ರೀಕರಣ ಕಾಯ್ದೆಯನ್ನು ತಂದಾಗ, ಆಯುಧವನ್ನೇ ಬಾಳಿನ ಆಸರೆಯಾಗಿಸಿಕೊಂಡಿದ್ದ ಅಲ್ಲಿಯ ಬೇಡರು ಅದನ್ನು ಒಪ್ಪಿಸಲೊಲ್ಲದೆ ನವೆಂಬರ ತಿಂಗಳಿನಲ್ಲಿ ಎದುರುನಿಂತರು. ಊರಿಗೆ ಬೆಂಕಿ ಬಿದ್ದಿತು. ಡಿಸೆಂಬರದಲ್ಲಿ 19 ಜನರನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು. ಈ ಕಥೆಯ ಲಾವಣಿಯನ್ನು ಕೇಳಿ ನಾವೆಲ್ಲ ತಲೆದೂಗಿದ್ದೇವೆ. ಆದರೆ ಆ ವೀರರ ಕುಲದ ಮಕ್ಕಳ ಓದು, ಊಟ, ಉದ್ಯೋಗಗಳನ್ನು ನಮ್ಮಲ್ಲಿ ಎಷ್ಟು ಜನ ವಿಚಾರಿಸಿದ್ದೇವೆ?

ನಡುವೆ ಕೈಬಿಟ್ಟ ಓಟ

ಬುಡಕಟ್ಟಿನ ಜನರ ಬಲವನ್ನು ಹೊಗಳಿ ಬಾಳನ್ನು ಮರೆತರೆ ಏನಾಗುವುದೆಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳೇ ಸಾಕ್ಷಿ. ಆಫ್ರಿಕಾ ಮೂಲದ ಈ ಜನರು ಶತಮಾನಗಳಿಂದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನಲ್ಲಿ ನೆಲೆಸಿ, ಡಮಾಮಿ ವಾದ್ಯದ ಕುಣಿತವನ್ನೂ ಹಳೆಯ ಬಟ್ಟೆಗಳಿಂದ ಹೊಲಿಯುವ ಕೌದಿಯ ಕಲೆಯನ್ನೂ ಉಳಿಸಿಕೊಂಡು ಬಂದವರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಇವರ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕಾಡಿನ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ಗೆದ್ದರು. ಆದರೆ 1993ರಲ್ಲಿ ಅವರ ಪಾಲಿಗೆ ಆ ಯೋಜನೆಯು ನಿಂತುಹೋಯಿತು. ಕೆಲವರಿಗೆ ಕ್ರೀಡೆಯ ಬಲದಿಂದ ನೌಕರಿ ದೊರೆಯಿತು. ಉಳಿದವರು ಬಂದ ದಾರಿಯಲ್ಲೇ ಮರಳಿದರು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಈಚಿನ ವರ್ಷಗಳಲ್ಲಿ ಬ್ರಿಜಸ್ ಆಫ್ ಸ್ಪೋರ್ಟ್ಸ್ ಎಂಬ ಸೇವಾಸಂಸ್ಥೆಯು ಮುಂಡಗೋಡದಲ್ಲಿ ಸಿದ್ದಿ ಮಕ್ಕಳಿಗೆ ಓಟದ ತರಬೇತಿಯನ್ನು ಆರಂಭಿಸಿ, ಕಡಿದುಹೋದ ಎಳೆಯನ್ನು ಮತ್ತೆ ಹೊಸೆಯಿತು.

ದೂರದ ನಾಡಿನ ಪಾಠ

ಯೋಜನೆಯು ನಿಂತ ಅದೇ 1993ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಒಂದು ಪ್ರಸಂಗ ಜರುಗಿತು. ನಿಕಿ ವಿನ್ಮಾರ್ ಎಂಬ ಮೂಲನಿವಾಸಿ ಫುಟ್‌ಬಾಲ್ ಆಟಗಾರನು, ತನ್ನ ಬಣ್ಣವನ್ನು ಹಳಿಯುತ್ತಿದ್ದ ಪ್ರೇಕ್ಷಕರ ಎದುರಿಗೆ ಅಂಗಿಯನ್ನೆತ್ತಿ, ತನ್ನ ಕಪ್ಪು ಮೈಯನ್ನೇ ಬೆರಳಿಟ್ಟು ತೋರಿಸಿದನು. ಆ ದೇಶದ ಕ್ರೀಡಾಲೋಕವು ತನ್ನನ್ನು ತಾನು ನೋಡಿಕೊಳ್ಳುವಂತಾಯಿತು. ಇಂದು ಅಲ್ಲಿ ಮೂಲನಿವಾಸಿ ನಾಯಕ ಸರ್ ಡಗ್ ನಿಕೋಲ್ಸ್ ಅವರ ಹೆಸರಿನಲ್ಲಿ ಪ್ರತಿವರ್ಷ ವಿಶೇಷ ಪಂದ್ಯಗಳು ನಡೆಯುತ್ತವೆ. ಮೂಲನಿವಾಸಿ ಕಲಾವಿದರು ರಚಿಸಿದ ಚಿತ್ತಾರದ ಅಂಗಿಗಳನ್ನು ಆಟಗಾರರೆಲ್ಲರೂ ತೊಡುತ್ತಾರೆ. ರಿಚ್ಮಂಡ್ ಎಂಬ ಕ್ಲಬ್ಬು ಇಷ್ಟಕ್ಕೇ ತೃಪ್ತಿಪಡದೆ, 2011ರಲ್ಲಿ ತನ್ನ ಮೈದಾನದಲ್ಲಿಯೇ ಕೋರಿನ್ ಗಮಾಜಿ ಎಂಬ ಸಂಸ್ಥೆಯನ್ನು ತೆರೆದು, ಮೂಲನಿವಾಸಿ ತರುಣ ತರುಣಿಯರಿಗೆ ಶಿಕ್ಷಣ ಮತ್ತು ನಾಯಕತ್ವದ ತರಬೇತಿಯನ್ನು ಕೊಡತೊಡಗಿತು. ಸಂಸ್ಕೃತಿಗೆ ಗೌರವ, ತಾರುಣ್ಯಕ್ಕೆ ಆಸರೆ ಎರಡೂ ಒಂದೇ ಅಂಗಳದಲ್ಲಿ ಸೇರಿದ್ದು ಹೀಗೆ.

ನಾವೇನು ಮಾಡಬಹುದು?

ನಮ್ಮ ಗರಡಿಮನೆಗಳೂ ಯುವಕ ಮಂಡಳಗಳೂ ಇದನ್ನು ಮಾಡಲಾರವೇ? ಜಾತ್ರೆಯ ಕುಸ್ತಿ ಆರಂಭವಾಗುವ ಮೊದಲು ಹಲಗಲಿಯ ಲಾವಣಿಕಾರರನ್ನು ಕರೆದು, ಕಣದ ನಡುವೆ ಹಾಡಿಸಿ ಸನ್ಮಾನಿಸಬಹುದು. ಹಾರ ತುರಾಯಿಗಳ ವೆಚ್ಚದಲ್ಲಿ ಒಂದಿಷ್ಟನ್ನು ತೆಗೆದಿರಿಸಿ ಬಡ ಬೇಡರ ಹುಡುಗನೊಬ್ಬನ ಹಾಲು, ತುಪ್ಪ, ಶಾಲೆಯ ಶುಲ್ಕಗಳನ್ನು ವಹಿಸಿಕೊಳ್ಳಬಹುದು. ಅವನ ತಂಗಿ ಓಡಬಲ್ಲವಳಾದರೆ ಆಕೆಯನ್ನೂ ಮೈದಾನಕ್ಕೆ ಕರೆತರಬೇಕು. ಮಂಡಳದ ಪದಾಧಿಕಾರಿಗಳ ಸಾಲಿನಲ್ಲಿ ಅವರ ಹಿರಿಯರಿಗೂ ಸ್ಥಾನವಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆ ಮಗುವು ಸ್ವಂತ ಕಾಲಮೇಲೆ ನಿಲ್ಲುವ ತನಕ ನಾವು ಜೊತೆಗಿರಬೇಕು.

ಹಿಡಿದ ಪಟ್ಟನ್ನು ನಡುವೆ ಸಡಿಲಿಸಬಾರದೆಂಬುದು ವಸ್ತಾದರು ಕಲಿಸುವ ಪಾಠ. ಅದು ಮಲ್ಲನಿಗೆ ಮಾತ್ರ ಹೇಳಿದ ಮಾತಲ್ಲ. ಮಲ್ಲನನ್ನು ಬೆಳೆಸುವ ಊರಿಗೂ ಹೇಳಿದ ಮಾತು.